ಚಿಕ್ಕಯ್ಯ ಬರೆದ ಒಂಬತ್ತು ಪಾಯಿಂಟ್ ಎರಡು

ಚಿಕ್ಕಯ್ಯನವರಿಗೆ ಮೂವತ್ತು ಚಿಲ್ಲರೆ ವರ್ಷದ ನೌಕರಿಯಲ್ಲಿ ಬೇಕಾಗಿದ್ದದ್ದು ಒಂದೇ ಒಂದು. ಮೀಟರು ನೋಡಿ ತಾವು ಬರೆದ ಅಂಕಿಯನ್ನು ಯಾರಾದರೂ ಒಬ್ಬರು ನಂಬಬೇಕು. ಬಡ್ತಿ ಕೇಳಿದವರಲ್ಲ, ಊರ ಹತ್ತಿರಕ್ಕೆ ವರ್ಗ ಮಾಡಿಸಿಕೊಡಿ ಎಂದು ಯಾರ ಮನೆ ಬಾಗಿಲಿಗೂ ಹೋದವರಲ್ಲ. ಅದೊಂದನ್ನು ಕೊಡುವುದಕ್ಕೂ ನಮ್ಮ ಕೈಯಲ್ಲಿ ಆಗಲಿಲ್ಲ. ‘ನಮ್ಮ’ ಅನ್ನುವುದೂ ನನ್ನ ಕಳ್ಳಬುದ್ಧಿಯೇ. ನನ್ನ ಕೈಯಲ್ಲಿ ಆಗಲಿಲ್ಲ ಅನ್ನಬೇಕು.

ನಾನು ಪ್ರದ್ಯುಮ್ನ. ಹೊಳೆನರಸೀಪುರದವನು, ಹಾಸನದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಮೇಷ್ಟ್ರು. ನಮ್ಮದು ಮೂರು ತಲೆಮಾರು ಪಂಚಾಂಗ ಗುಣಿಸಿದ ಮನೆ. “ನಿಮ್ಮ ತಾತ ಗ್ರಹಣದ ಹೊತ್ತು ಬರೆದರೆ ಚಂದ್ರನೇ ಬಂದು ಕೇಳಿಕೊಂಡು ಹೋಗಬೇಕಿತ್ತು” ಎಂದು ಅಮ್ಮ ಹೇಳುತ್ತಿದ್ದಳು. ನಮ್ಮ ಲೆಕ್ಕ ತಪ್ಪುವುದಿಲ್ಲ ಅನ್ನುವ ಜಂಬ ನನಗೆ ಹಾಲಿನ ಜೊತೆಗೇ ಬಂದದ್ದು. ಈಗ ನನ್ನ ಹೆಸರಿನ ಮುಂದೆ ‘ಡಾ.’ ಎಂದು ಬರೆಯುತ್ತಾರೆ. ಆ ಒಂದಕ್ಷರ ಎಲ್ಲಿಂದ ಬಂತು ಎಂದು ಹೇಳದೆ ಚಿಕ್ಕಯ್ಯನವರ ಬದುಕನ್ನು ಹೇಳಲು ಬರುವುದಿಲ್ಲ.

೧೯೯೬ರ ಮಾತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ತಾಲ್ಲೂಕಿನ ಸಬ್ ಸ್ಟೇಷನ್‌ಗಳ ಪೈಕಿ ನಾಲ್ಕಕ್ಕೆ ಕೆಪಾಸಿಟರ್ ಕೂರಿಸುವುದೆಂದು ಕರೆಂಟಿನ ಇಲಾಖೆಯವರು ತೀರ್ಮಾನ ಮಾಡಿದ್ದರು. ಯಾವ ನಾಲ್ಕು ಎಂದು ಲೆಕ್ಕ ಹಾಕಿಕೊಡಿ ಎಂದು ನಮ್ಮ ಕಾಲೇಜಿಗೆ ಬರೆದರು. ನಾನು ಪಿಎಚ್.ಡಿ.ಗೆ ವಿಷಯ ಹುಡುಕುತ್ತಿದ್ದೆ. ಹಸಿದವನಿಗೆ ಹಳಸಿದ್ದೂ ಆದೀತು; ಇದು ಬಿಸಿಯೂಟವೇ ಸಿಕ್ಕಿದಂತಾಯಿತು.

ಕೆಪಾಸಿಟರ್ ಏನು ಮಾಡುತ್ತದೆ ಎಂದು ಒಂದು ಮಾತು ಹೇಳಿಬಿಡುತ್ತೇನೆ. ಪಂಪಿನ ಮೋಟಾರು ನೀರೆತ್ತುವುದಕ್ಕೆ ಕರೆಂಟು ಎಳೆಯುತ್ತದೆ. ಅದರ ಜೊತೆಗೆ, ಏನೂ ಕೆಲಸ ಮಾಡದೆ ಬರೀ ಹೋಗಿಬಂದು ಮಾಡುವ ಇನ್ನೊಂದಿಷ್ಟು ಕರೆಂಟನ್ನೂ ಎಳೆಯುತ್ತದೆ. ಮದುವೆ ಮನೆಯಲ್ಲಿ ಕೆಲಸ ಮಾಡುವವರು ನಾಲ್ಕು ಜನ, ಓಡಾಡುವವರು ನಲವತ್ತು ಜನ ಇರುತ್ತಾರಲ್ಲ, ಹಾಗೆ. ಆ ಓಡಾಟವೆಲ್ಲ ದೂರದಿಂದ ಒಂದೇ ಲೈನಿನಲ್ಲಿ ಬರಬೇಕಾದಾಗ ಲೈನು ಬಸವಳಿದು ವೋಲ್ಟೇಜು ಕುಸಿಯುತ್ತದೆ. ಕೆಪಾಸಿಟರನ್ನು ಹತ್ತಿರದಲ್ಲೇ ಇಟ್ಟರೆ ಆ ಓಡಾಟ ಅಲ್ಲಲ್ಲೇ ಮುಗಿದು ವೋಲ್ಟೇಜು ನಿಲ್ಲುತ್ತದೆ. ಎಲ್ಲಿ ನಿಜವಾಗಿ ಕುಸಿಯುತ್ತಿದೆಯೋ ಅಲ್ಲಿ ಇಡಬೇಕು, ಅಷ್ಟೇ.

ಎಲ್ಲಿ ಕುಸಿಯುತ್ತಿದೆ ಎಂದು ತಿಳಿಯುವುದಕ್ಕೆ ಸ್ಟೇಷನ್ನಿನ ಲಾಗ್ ಶೀಟು ಬೇಕು. ಆಪರೇಟರು ಗಂಟೆಗೊಮ್ಮೆ ಮೀಟರು ನೋಡಿ ಬರೆಯುವ ಹಾಳೆ ಅದು. ಹನ್ನೊಂದು ಸಾವಿರ ವೋಲ್ಟ್ ಇರಬೇಕಾದ ಕಡೆ ಎಷ್ಟಿದೆಯೋ ಅಷ್ಟನ್ನು ಸಾವಿರದ ಲೆಕ್ಕದಲ್ಲಿ ಬರೆಯಬೇಕು. ಇಪ್ಪತ್ತಮೂರು ಸ್ಟೇಷನ್ ಸುತ್ತಿದೆ. ಇಪ್ಪತ್ತೆರಡರಲ್ಲಿ ಹಗಲು ರಾತ್ರಿ, ಬೇಸಿಗೆ ಮಳೆಗಾಲ, ಹಬ್ಬ ಹುಣ್ಣಿಮೆ ಎನ್ನದೆ ಹನ್ನೊಂದು ಪಾಯಿಂಟ್ ಸೊನ್ನೆ. ಚನ್ನರಾಯಪಟ್ಟಣದ ಕಡೆಯ ಒಂದು ಸ್ಟೇಷನ್ನಿಗೆ ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಮಧ್ಯಾಹ್ನ ಎರಡರ ಅಂಕಿಯನ್ನೂ ಆಗಲೇ ಬರೆದು ಮುಗಿಸಿದ್ದರು. ಆಪರೇಟರ್ ದೇವರಾಜ್ ಒಂದಿಷ್ಟೂ ನಾಚಿಕೊಳ್ಳಲಿಲ್ಲ.

“ಸಾರ್, ಅನ್ನೊಂದು ಬರುದ್ರೆ ನಿದ್ದೆ, ಒಂಬತ್ತು ಬರುದ್ರೆ ನೋಟೀಸು. ನೀವೇ ಯೇಳಿ, ಯಾವ್ದು ಬರೀಲಿ?” ಅಂದ.

ಕಡಿಮೆ ಬರೆದರೆ ಮೇಲಿನಿಂದ ‘ಕಾರಣ ತಿಳಿಸಿ’ ಎಂದು ಕಾಗದ ಬರುತ್ತಿತ್ತು. ಅದಕ್ಕೆ ಉತ್ತರ, ಉತ್ತರಕ್ಕೆ ಮರುಪ್ರಶ್ನೆ. ಆ ತಲೆನೋವು ಯಾರಿಗೆ ಬೇಕು? ಹಾಗಾಗಿ ಇರುವುದನ್ನಲ್ಲ, ಇರಬೇಕಾದದ್ದನ್ನು ಬರೆಯುವ ರೂಢಿ ಬೆಳೆದು, ಹಳಬರು ಹೊಸಬರಿಗೆ ಕೆಲಸ ಕಲಿಸುವಾಗ ಮೊದಲು ಅದನ್ನೇ ಕಲಿಸುತ್ತಿದ್ದರು. ನಾನು ದೇವರಾಜನ ಮಾತಿಗೆ ನಕ್ಕೆ. ನಕ್ಕು, ಆ ಹಾಳೆಗಳನ್ನೇ ನಕಲು ಮಾಡಿಸಿಕೊಂಡು ಬಂದೆ.

ಇಪ್ಪತ್ತಮೂರನೆಯದು ಬಿದರಕಟ್ಟೆ. ಕಟ್ಟಾಯದಿಂದ ಹೊಳೆನರಸೀಪುರದ ಕಡೆಗೆ ಬರುವಾಗ ರಸ್ತೆಯಿಂದ ಸ್ವಲ್ಪ ಒಳಗೆ, ಹುರುಳಿ ಹೊಲಗಳ ನಡುವೆ ಇದ್ದ ಸ್ಟೇಷನ್. ನಾನು ಹೋದಾಗ ಖಾಕಿ ಅಂಗಿಯ ಒಬ್ಬರು, ಐವತ್ತರ ಆಜುಬಾಜು, ಕನ್ನಡಕದ ಕಡ್ಡಿಗೆ ದಾರ ಕಟ್ಟಿಕೊಂಡವರು, ಮೀಟರಿನ ಗಾಜಿಗೆ ಉಗುರಿನಿಂದ ಟಕ್ ಟಕ್ ಎಂದು ಎರಡು ಸಲ ಹೊಡೆದರು. ಮಂಡಿ ಬಗ್ಗಿಸಿ ಕಣ್ಣನ್ನು ಮುಳ್ಳಿನ ನೇರಕ್ಕೆ ತಂದು ನೋಡಿದರು. ಆಮೇಲೆ ಮೇಜಿಗೆ ಬಂದು ಬರೆದರು: ಒಂಬತ್ತು ಪಾಯಿಂಟ್ ಎರಡು. ಅವರೇ ಚಿಕ್ಕಯ್ಯ.

“ಗಾಜಿಗೆ ಯಾಕೆ ಹೊಡೆದಿರಿ?” ಅಂದೆ.

“ಮುಳ್ಳು ಒಂದೊಂದ್ಸಲ ಸಿಕ್ಕಾಕ್ಕೊಂಡು ಸುಳ್ಳೇಳ್ತದೆ ಸಾ. ತಟ್ಟುದ್ರೆ ನಿಜ ಯೇಳ್ತದೆ.”

“ಒಂಬತ್ತೂ ಎರಡು ಅಂದರೆ ತೀರ ಕಡಿಮೆ ಆಯ್ತಲ್ಲ ಚಿಕ್ಕಯ್ಯನವರೇ? ಟ್ಯಾಪ್ ಏರಿಸಬಾರದಾ?”

ಟ್ಯಾಪ್ ಅಂದರೆ ಟ್ರಾನ್ಸ್‌ಫಾರ್ಮರಿನ ಒಳಗಿನ ಸುತ್ತುಗಳನ್ನು ಹೆಚ್ಚು ಕಡಿಮೆ ಮಾಡುವ ವ್ಯವಸ್ಥೆ. ಬರುವ ವೋಲ್ಟೇಜು ಇಳಿದರೆ ಇದನ್ನು ಒಂದೊಂದೇ ಮೆಟ್ಟಿಲು ಏರಿಸಿ ಹೋಗುವ ವೋಲ್ಟೇಜನ್ನು ಹಿಡಿದು ನಿಲ್ಲಿಸಬಹುದು. ಅವರು ನನ್ನನ್ನು ಜಲ್ಲಿ ಹಾಸಿದ ಅಂಗಳಕ್ಕೆ ಕರೆದುಕೊಂಡು ಹೋಗಿ ಟ್ರಾನ್ಸ್‌ಫಾರ್ಮರಿನ ಪಕ್ಕದ ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ಮುಳ್ಳು ಹದಿನೇಳರ ಮೇಲಿತ್ತು.

“ನೋಡಿ ಸಾ, ಅದಿನೇಳು. ಇದರ್ ಮ್ಯಾಕೆ ಮೆಟ್ಲಿಲ್ಲ. ಪಂಪ್‌ಸೆಟ್ ಲೈನ್ ಬುಟ್ಟ ಅರ್ಧ ಗಂಟ್ಗೆ ಇಲ್ಲಿಗೆ ಬಂದು ಕುಂತ್ಕತದೆ. ಇನ್ನೆಲ್ಲಿಗೆ ಏರ್ಸಾನ? ಆಕಾಸಕ್ಕಾ?”

ಅದನ್ನು ನಾನು ಡೈರಿಯಲ್ಲಿ ಬರೆದುಕೊಂಡೆ. ‘ಬಿದರಕಟ್ಟೆ, ಟ್ಯಾಪ್ ೧೭, ಮುಗಿದಿದೆ.’ ಆ ಡೈರಿ ಈಗಲೂ ನನ್ನ ಹತ್ತಿರ ಇದೆ. ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ ಕಣ್ರೀ, ಅದೇ ನನ್ನ ಕರ್ಮ.

ಅವತ್ತು ಚಿಕ್ಕಯ್ಯ ತಮ್ಮ ಇನ್ನೊಂದು ಪದ್ಧತಿಯನ್ನೂ ಹೇಳಿದರು. ವೋಲ್ಟೇಜು ಒಂಬತ್ತರ ಕೆಳಕ್ಕೆ ಬಂದರೆ ಅವರು ಯಾರನ್ನೂ ಕೇಳದೆ ಲೈನು ತೆಗೆದುಬಿಡುತ್ತಿದ್ದರು. ‘ಲೋ ವೋಲ್ಟೇಜಿನ ಕಾರಣ ಕಡಿತ’ ಎಂದು ಬರೆದು ಸಹಿ ಹಾಕುತ್ತಿದ್ದರು. “ಬಯ್ಯಾರು ಬಯ್ಲಿ ಸಾ. ಮೋಟ್ರು ಸುಟ್ಟೋದ್ಮೇಲೆ ಬೈಸ್ಕಳಾದ್ಕಿಂತ ಮೊದ್ಲೇ ಬೈಸ್ಕಳಾದು ವಾಸಿ.” ಆ ಲೈನಿನ ಕಡೇ ಕಂಬ ತೊರೆಕೊಪ್ಪಲಿನಲ್ಲಿ. ಆ ಕಂಬದ ಪಕ್ಕವೇ ಅವರ ತಂಗಿ ಸಣ್ಣಕ್ಕನ ಹಿಟ್ಟಿನ ಮಿಲ್ಲು. ಗಂಡ ಹೋದ ಮೇಲೆ ಆಕೆ ಒಬ್ಬರೇ ಅದನ್ನು ನಡೆಸಿಕೊಂಡು ಬಂದಿದ್ದರು. ಸುತ್ತಲ ಐದಾರು ಹಳ್ಳಿಯ ರಾಗಿ ಅಲ್ಲೇ ಹಿಟ್ಟಾಗಬೇಕು.

“ನಮ್ ಸಣ್ಣಿ ಮೋಟ್ರು ಎಲ್ರುಗಿಂತ ಕಡೀಕೈತೆ ಸಾ. ಇಲ್ಲಿ ಒಂಬತ್ತಿದ್ರೆ ಅಲ್ಗೋಗಾ ಒತ್ಗೆ ಉಸ್ರೇ ಇರಾಕಿಲ್ಲ. ಒಂದು ಕೆಪಾಸಿಟ್ರು ಇಲ್ಗೆ ಬರಂಗೆ ಮಾಡಿ, ಪುಣ್ಯ ಬತ್ತದೆ ನಿಮ್ಗೆ.”

ಒಳಗೆ ಹೋಗಿ ಒಂದು ಉದ್ದನೆಯ ನೋಟ್‌ಬುಕ್ಕು ತಂದು ಕೊಟ್ಟರು. ಮೂರು ವರ್ಷದ ಅಂಕಿಗಳು, ಪ್ರತಿ ಗಂಟೆಯವು, ತಮ್ಮ ಪಾಳಿಯವು, ಗುಂಡಗಿನ ಅಕ್ಷರದಲ್ಲಿ. ಲಾಗ್ ಶೀಟುಗಳನ್ನು ಗೆದ್ದಲು ತಿಂದೀತು ಎಂದು ಬೇರೆಯಾಗಿ ಬರೆದಿಟ್ಟುಕೊಂಡಿದ್ದರಂತೆ. ಈ ಅಂಕಿ ನೋಡಿದರೆ ನಿಮಗೇ ಮೊದಲು ಬರಬೇಕು ಎಂದೆ. ಆ ಮಾತಿಗೆ ಅವರ ಮುಖ ಅರಳಿದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇನ್ನು ನನ್ನ ಪೌರುಷ ಕೇಳಿ. ನಾಲ್ಕು ತಾಲ್ಲೂಕಿನ ಜಾಲವನ್ನೆಲ್ಲ ಕಂಪ್ಯೂಟರಿನೊಳಗೆ ಸಮೀಕರಣಗಳಾಗಿ ಕೂರಿಸಿದೆ. ಪ್ರತಿ ಸ್ಟೇಷನ್ನಿನ ಟ್ಯಾಪಿಗೂ ಹದಿನೇಳೇ ಮೆಟ್ಟಿಲು ಎಂಬ ಮಿತಿ ಹಾಕಿದರೆ ಲೆಕ್ಕ ಒಂದು ಕಡೆ ನಿಲ್ಲುತ್ತಲೇ ಇರಲಿಲ್ಲ. ಒಂದು ಟ್ಯಾಪು ಮಿತಿ ಮುಟ್ಟುವುದು, ಇನ್ನೊಂದು ಬಿಡುವುದು, ಉತ್ತರ ಉಯ್ಯಾಲೆಯಾಡುವುದು. ಎರಡು ತಿಂಗಳು ಒದ್ದಾಡಿ, ಹಾಳಾಗಿಹೋಗಲಿ, ಆಮೇಲೆ ಸೇರಿಸಿದರಾಯಿತು ಎಂದು ಮಿತಿಯನ್ನು ತೆಗೆದುಹಾಕಿದೆ. ಒಂದೇ ಏಟಿಗೆ ಉತ್ತರ ಬಂತು. ನನ್ನ ಲೆಕ್ಕದಲ್ಲಿ ಟ್ಯಾಪು ಎಷ್ಟು ಬೇಕಾದರೂ ಏರಬಹುದಾಗಿತ್ತು: ಇಪ್ಪತ್ತು, ಮೂವತ್ತು. ಹಾಗಾಗಿ ಟ್ಯಾಪು ಇದ್ದ ಯಾವ ಸ್ಟೇಷನ್ನಿನಲ್ಲೂ ವೋಲ್ಟೇಜು ಕುಸಿಯಲೇ ಇಲ್ಲ, ಅಲ್ಲೆಲ್ಲ ಅಚ್ಚುಕಟ್ಟಾಗಿ ಹನ್ನೊಂದು. ಆ ‘ಆಮೇಲೆ’ ಬರಲೇ ಇಲ್ಲ.

ಆಮೇಲೆ ತಾಳೆ ನೋಡುವ ಕೆಲಸ. ಲೆಕ್ಕದಿಂದ ಬಂದ ವೋಲ್ಟೇಜಿಗೂ ಲಾಗ್ ಶೀಟಿನ ವೋಲ್ಟೇಜಿಗೂ ತೀರ ದೂರವಿದ್ದರೆ ಅಂಥ ಅಂಕಿಯನ್ನು ‘ಕೆಟ್ಟ ಅಂಕಿ’ ಎಂದು ಗುರುತಿಸಿ ತೆಗೆದುಹಾಕುವ ಒಂದು ಪರೀಕ್ಷೆ ಇದೆ. ಹಾಕಿದೆ. ಇಪ್ಪತ್ತೆರಡು ಸ್ಟೇಷನ್ನಿನ ಹನ್ನೊಂದೂ ಪಾಸಾಯಿತು; ಟ್ಯಾಪು ಏರಿಸಲಾಗದ ನಾಲ್ಕು ಕಡೆ ಮಾತ್ರ ನನ್ನ ಲೆಕ್ಕ ಒಂದಿಷ್ಟು ಕೆಳಗಿತ್ತು, ಅದೂ ಪರೀಕ್ಷೆಯ ಮಿತಿಯೊಳಗೇ. ಬಿದರಕಟ್ಟೆಯ ಸಾಲು ಮಾತ್ರ ಮೇಲಿನಿಂದ ಕೆಳಗಿನವರೆಗೆ ಕೆಟ್ಟದ್ದು. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅಂದುಕೊಂಡೆ. ಹಳ್ಳಿ ಆಪರೇಟರು, ಮೀಟರು ಹಳೆಯದು, ಕಣ್ಣು ಮಂಜು, ಏನೋ ಇರಬೇಕು. ಡೈರಿ ಮೇಜಿನ ಖಾನೆಯಲ್ಲೇ ಇತ್ತು. ತೆಗೆದು ನೋಡಲಿಲ್ಲ. ವರದಿಯಲ್ಲಿ ಒಂದೇ ಸಾಲು ಬರೆದೆ: ‘ಬಿದರಕಟ್ಟೆ ಸ್ಟೇಷನ್ನಿನ ದಾಖಲೆ ನಂಬಲರ್ಹವಲ್ಲದ್ದರಿಂದ ಕೈಬಿಡಲಾಗಿದೆ, ಲೆಕ್ಕದ ಪ್ರಕಾರ ಅಲ್ಲಿ ವೋಲ್ಟೇಜಿನ ಕೊರತೆ ಇಲ್ಲ.’

ಸುಳ್ಳು ಬರೆದವರೆಲ್ಲ ಒಳ್ಳೆಯ ಅಂಕಿಯವರಾದರು. ನಾಲ್ಕು ತಾಲ್ಲೂಕಿನಲ್ಲಿ ಬಗ್ಗಿ ಮೀಟರು ನೋಡಿದ ಒಬ್ಬೇ ಒಬ್ಬ ಮನುಷ್ಯನನ್ನು ನಾನು ಕೆಟ್ಟವರ ಸಾಲಿಗೆ ಹಾಕಿದೆ. ಥೂ, ನನ್ನ ವಿದ್ಯೆಗಿಷ್ಟು.

ಕೆಪಾಸಿಟರುಗಳು ಬೇರೆ ನಾಲ್ಕು ಕಡೆಗೆ ಹೋದವು. ಒಂದು ದೇವರಾಜನ ಸ್ಟೇಷನ್ನಿಗೇ ಹೋಯಿತು. ಅಲ್ಲಿನದು ಟ್ಯಾಪು ಏರಿಸಲಾಗದ ಹಳೆಯ ಟ್ರಾನ್ಸ್‌ಫಾರ್ಮರು ಎಂದು ನನ್ನ ಲೆಕ್ಕ ಅದರ ಮೇಲೆ ಕನಿಕರ ತೋರಿಸಿತ್ತು. ಹಾಸನದಲ್ಲಿ ಒಂದು ಸಭೆ ಮಾಡಿ ನನಗೆ ಶಾಲು ಹೊದಿಸಿದರು. ಅದಾಗಿ ಹದಿನೈದು ದಿನಕ್ಕೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಚಿಕ್ಕಯ್ಯ ಸಿಕ್ಕರು.

“ಸಾ, ನಮ್ಮ ಬಿದರ್‌ಕಟ್ಟೇದು?”

“ಲೆಕ್ಕದಲ್ಲಿ ನಿಮ್ಮ ಸ್ಟೇಷನ್ ಸರಿಯಾಗೇ ಇದೆ ಚಿಕ್ಕಯ್ಯನವರೇ.”

ಅವರು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು, ಮೀಟರು ನೋಡುವ ಹಾಗೆ. “ಲೆಕ್ಕ್ದಲ್ಲಿ ಸರಿಯಾಗೈತಾ? ಅಂಗಾರೆ ಸಣ್ಣಿ ಮಿಲ್ಲುನೂ ನಿಮ್ ಲೆಕ್ಕ್ದಲ್ಲೇ ಓಡ್ಸಾನ ಬುಡಿ ಸಾ” ಎಂದು ನಕ್ಕು, ಕಟ್ಟಾಯದ ಬಸ್ಸು ಹತ್ತಿದರು. ನೋಟ್‌ಬುಕ್ಕು ವಾಪಸು ಕೊಡಿ ಎಂದು ಕೇಳಲಿಲ್ಲ, ನಾನೂ ಕೊಡಲಿಲ್ಲ.

ವರದಿ ಅಷ್ಟಕ್ಕೇ ಸುಮ್ಮನಿರಲಿಲ್ಲ. ೧೯೯೯ರಲ್ಲಿ ಯಾರೋ ಪಂಪ್‌ಸೆಟ್ಟಿನವರು, ಬಿದರಕಟ್ಟೆಯ ಆಪರೇಟರು ಬೇಕೆಂದಾಗ ಕರೆಂಟು ತೆಗೆಯುತ್ತಾನೆ ಎಂದು ಮೇಲಕ್ಕೆ ದೂರು ಬರೆದರು. ಮೇಲಿನವರು ನನ್ನ ವರದಿ ಬಿಚ್ಚಿ ನೋಡಿದರು. ಬಿದರಕಟ್ಟೆಯಲ್ಲಿ ವೋಲ್ಟೇಜಿನ ಕೊರತೆಯೇ ಇಲ್ಲ ಎಂದು ಕಾಲೇಜಿನವರೇ ಲೆಕ್ಕ ಹಾಕಿ ಕೊಟ್ಟಿದ್ದಾರೆ; ಹಾಗಾದರೆ ಈ ಮನುಷ್ಯ ಇಲ್ಲದ ಕಾರಣ ಬರೆದು ಕರೆಂಟು ತೆಗೆಯುತ್ತಿದ್ದಾನೆ. ಚಿಕ್ಕಯ್ಯನವರಿಗೆ ಕಾಗದ ಬಂತು. ಇನ್ನೊಂದು ಸಲ ಲೈನು ತೆಗೆದರೆ ಸಸ್ಪೆಂಡ್, ಮತ್ತು ದಾಖಲೆ ಇನ್ನು ಮೇಲೆ ‘ಸರಿಯಾಗಿ’ ಇರತಕ್ಕದ್ದು.

ಅವರು ಮೂರು ದಿನ ರಜೆ ಹಾಕಿ ಮನೆಯಲ್ಲಿ ಕುಳಿತರಂತೆ. ನಾಲ್ಕನೆಯ ದಿನ ಬಂದು ಗಾಜು ತಟ್ಟದೆ, ಮಂಡಿ ಬಗ್ಗಿಸದೆ, ಕುರ್ಚಿಯಲ್ಲಿ ಕುಳಿತೇ ಹನ್ನೊಂದು ಪಾಯಿಂಟ್ ಸೊನ್ನೆ ಎಂದು ಬರೆದರು. “ಮೊದುಲ್ನೇ ದಿನ ಪೆನ್ನು ಎತ್ತಿ ಎತ್ತಿ ಮಡುಗ್ದೆ ಸಾ. ಎಲ್ಡ್‌ನೇ ದಿನಕ್ಕೆ ಅಭ್ಯಾಸ ಆಗೋಯ್ತು” ಎಂದು ಬಹಳ ದಿನದ ಮೇಲೆ ನನಗೆ ಹೇಳಿದರು. ಲೈನು ತೆಗೆಯುವುದನ್ನೂ ನಿಲ್ಲಿಸಿದರು. ಒಂಬತ್ತಕ್ಕಿಳಿಯಲಿ ಎಂಟಕ್ಕಿಳಿಯಲಿ, ವೇಳಾಪಟ್ಟಿ ಹೇಳಿದಷ್ಟು ಹೊತ್ತು ಬಿಡುವುದು, ಹೇಳಿದಾಗ ತೆಗೆಯುವುದು.

ಒಂದು ತಪ್ಪು ಮಾಡಿದರು. ಅದನ್ನು ತಂಗಿಗೆ ಹೇಳಲಿಲ್ಲ. ಹೇಗೆ ಹೇಳುತ್ತಾರೆ? ‘ನಾನೂ ಎಲ್ಲರ ಹಾಗೆ ಆದೆ ಕಣವ್ವ’ ಅನ್ನಲು ಆ ಮನುಷ್ಯನಿಗೆ ನಾಲಿಗೆ ಏಳಲಿಲ್ಲ.

ಸಣ್ಣಕ್ಕ ವರ್ಷಗಟ್ಟಲೆ ಒಂದು ನಂಬಿಕೆಯ ಮೇಲೆ ಮಿಲ್ಲು ನಡೆಸಿದವರು. ಕರೆಂಟು ಇಲ್ಲವೋ, ಅಣ್ಣ ತೆಗೆದಿದ್ದಾನೆ, ಸುಮ್ಮನೆ ಕೂರಬೇಕು. ಕರೆಂಟು ಇದೆಯೋ, ಅಣ್ಣ ನೋಡಿಯೇ ಬಿಟ್ಟಿದ್ದಾನೆ, ಮೋಟಾರು ಎತ್ತಿಕೊಳ್ಳುತ್ತದೆ. ಆಕೆಗೆ ಮೀಟರು ಬೇಕಾಗಿರಲಿಲ್ಲ.

೨೦೦೦ದ ಫೆಬ್ರವರಿ, ಮಂಗಳವಾರ, ಮಧ್ಯಾಹ್ನ ಮೂರೂ ಮುಕ್ಕಾಲು. ಸುಗ್ಗಿ ಮುಗಿದು ಮಿಲ್ಲಿನ ಮುಂದೆ ರಾಗಿ ಚೀಲಗಳ ಸಾಲು. ಸ್ವಿಚ್ಚು ಹಾಕಿದರೆ ಮೋಟಾರು ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಕರೆಂಟಂತೂ ಇದೆ, ಅಂದಮೇಲೆ ಬೆಲ್ಟೇ ಬಿಗಿಯಾಗಿರಬೇಕು ಎಂದು ಸಣ್ಣಕ್ಕ ಎಣಿಸಿದರು. ನಮ್ಮ ಕಡೆಯ ಮಿಲ್ಲಿನವರು ಇಂಥ ಹೊತ್ತಿನಲ್ಲಿ ಬೆಲ್ಟನ್ನು ಕೈಯಲ್ಲಿ ಹಿಡಿದು ಎಳೆದು ಮೋಟಾರಿಗೆ ಮೊದಲ ಸುತ್ತು ಕೊಡುತ್ತಾರೆ. ಎಳೆದರು. ಒಂದು ಸಲ, ಎರಡು ಸಲ. ಬಿದರಕಟ್ಟೆಯಲ್ಲಿ ಆಗ ಮುಳ್ಳು ಎಂಟು ಪಾಯಿಂಟ್ ಎಂಟರಲ್ಲಿತ್ತು. ಮೊದಲಿನ ಚಿಕ್ಕಯ್ಯ ಆಗಿದ್ದರೆ ಅರ್ಧ ಗಂಟೆಯ ಹಿಂದೆಯೇ ಲೈನು ತೆಗೆದಿರುತ್ತಿದ್ದರು.

ನಾಲ್ಕಕ್ಕೆ ಸರಿಯಾಗಿ ಇನ್ನೊಂದು ಲೈನಿನ ಪಾಳಿ ಮುಗಿಯಿತು. ವೇಳಾಪಟ್ಟಿಯ ಪ್ರಕಾರ ಚಿಕ್ಕಯ್ಯ ಎದ್ದು ಆ ಲೈನು ತೆಗೆದರು. ನೂರಾರು ಪಂಪು ಒಟ್ಟಿಗೆ ನಿಂತವು. ಉಳಿದ ಲೈನಿನಲ್ಲಿ ವೋಲ್ಟೇಜು ಒಂದೇ ನೆಗೆತಕ್ಕೆ ಮೇಲೆದ್ದಿತು, ಕಡೇ ಕಂಬದವರೆಗೆ. ಸಣ್ಣಕ್ಕನ ಮೋಟಾರು ಎತ್ತಿಕೊಂಡಿತು. ಕೈ ಬೆಲ್ಟಿನ ಮೇಲೇ ಇತ್ತು.

ಹಾಸನದ ಆಸ್ಪತ್ರೆಯಲ್ಲಿ ಬಲಗೈಯನ್ನು ಮಣಿಕಟ್ಟಿನ ಮೇಲಕ್ಕೆ ತೆಗೆದರು. ಲಾಗ್ ಶೀಟಿನ ನಾಲ್ಕು ಗಂಟೆಯ ಸಾಲಿನಲ್ಲಿ ಹನ್ನೊಂದು ಪಾಯಿಂಟ್ ಸೊನ್ನೆ ಎಂದಿತ್ತು. ಮೂರು ಗಂಟೆಯದರಲ್ಲೂ ಅಷ್ಟೇ. ಗುಂಡಗಿನ ಅಕ್ಷರ.

ಅಪಘಾತದ ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ವೋಲ್ಟೇಜಿನ ದೋಷದಿಂದ ಆದದ್ದಾದರೆ ಸಣ್ಣಕ್ಕನಿಗೆ ಪರಿಹಾರ ಉಂಟು. ಇಲ್ಲದಿದ್ದರೆ ಅದು ಆಕೆಯ ಅಜಾಗರೂಕತೆ. ಲಾಗ್ ಶೀಟು ತೆರೆದರು, ವೋಲ್ಟೇಜು ಸರಿಯಾಗಿತ್ತು. ಚಿಕ್ಕಯ್ಯ ಎದ್ದು ನಿಂತು ಹೇಳಿದರಂತೆ: “ಅದು ಸುಳ್ಳು ಸಾ. ನಾನೇ ಬರ್ದಿರಾ ಸುಳ್ಳು. ಎಂಟೂ ಎಂಟಿತ್ತು. ನಾನ್ ಕಣ್ಣಾರೆ ಕಂಡಿವ್ನಿ.”

“ಮೊದಲು ಕಡಿಮೆ ಬರೆದು ನಂಬಲರ್ಹನಲ್ಲ ಅನ್ನಿಸಿಕೊಂಡೆ. ಈಗ ತಂಗಿ ಅಂತ ಇನ್ನೊಂದು ಕತೆ ಕಟ್ಟುತ್ತೀಯಾ?” ಎಂದರಂತೆ ಆ ಅಧಿಕಾರಿ. ಮೇಜಿನ ಮೇಲೆ ನನ್ನ ವರದಿ ಇತ್ತು.

ಅದಾದ ಭಾನುವಾರ ಚಿಕ್ಕಯ್ಯ ಹೊಳೆನರಸೀಪುರದ ನಮ್ಮ ಮನೆಗೆ ಬಂದರು. ಜಗಲಿಯ ತುದಿಯಲ್ಲಿ ಕುಳಿತರು. ಎರಡು ವಾರದಲ್ಲಿ ಹತ್ತು ವರ್ಷ ದಾಟಿದವರ ಹಾಗೆ ಕಾಣುತ್ತಿದ್ದರು.

“ಸಾ, ಒಂದು ಕಾಗ್ದ ಬರ್ಕೊಡಿ. ನಿಮ್ ಲೆಕ್ಕ್ದಲ್ಲಿ ನಮ್ ಸ್ಟೇಷನ್ ವಿಚಾರ ತಪ್ಪಾಗೈತೆ ಅಂತ. ಟ್ಯಾಪು ಅದಿನೇಳ್ಕೆ ನಿಂತೋಯ್ತದೆ ಅಂತ ನೀವೇ ಕಂಡಿದ್ರಲ್ಲ, ಅಷ್ಟು ಬರುದ್ರೆ ಸಾಕು. ನನ್ ಕೆಲ್ಸ ಓದ್ರೆ ಓಗ್ಲಿ. ನಮ್ ಸಣ್ಣಿದೇ ತಪ್ಪು ಅಂತ ಆಗ್ಬಾರ್ದು.”

ಆಗ ನನ್ನ ಥೀಸಿಸ್ ಸಲ್ಲಿಕೆಯಾಗಿತ್ತು. ಮೌಖಿಕ ಪರೀಕ್ಷೆಗೆ ಆರು ವಾರ ಇತ್ತು. ಇಡೀ ಥೀಸಿಸ್ ನಿಂತಿದ್ದದ್ದೇ ಆ ಲೆಕ್ಕದ ಮೇಲೆ. ನೋಡುತ್ತೇನೆ, ಬರೆದು ಕಳಿಸುತ್ತೇನೆ ಎಂದೆ. ಅವರು ಕೈ ಮುಗಿದು ಹೋದರು. ನನಗೆ, ಆ ಮನುಷ್ಯ, ಕೈ ಮುಗಿದರು!

ಅಮ್ಮ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಶ್ರೀರಂಗಮ್ಮ ಅಂದರೆ ಸಾಮಾನ್ಯದವಳಲ್ಲ. “ನಿಮ್ಮ ತಾತ ಲೆಕ್ಕ ಹಾಕಿ ಮುಗಿಸಿದ ಮೇಲೂ ಗ್ರಹಣದ ದಿನ ಅಂಗಳಕ್ಕೆ ಬಂದು ಕತ್ತೆತ್ತಿ ನೋಡುತ್ತಿದ್ದರು ಕಣೋ. ತಪ್ಪಿದ್ದರೆ ಮರುದಿನ ದೇವಸ್ಥಾನದ ಪ್ರಾಕಾರದಲ್ಲಿ ನಿಂತು ತಪ್ಪಿದೆ ಅನ್ನುತ್ತಿದ್ದರು. ಬರೆದುಕೊಡೋ, ಆ ಹೆಣ್ಣಿನ ಕೈ ಹೋಗಿದೆ” ಅಂದಳು.

ಬರೆದೆ. ಏನು ಬರೆದೆ ಗೊತ್ತೆ? ‘ಸದರಿ ಅಧ್ಯಯನ ಸರಾಸರಿ ಸ್ಥಿತಿಗೆ ಸಂಬಂಧಿಸಿದ್ದು. ನಿರ್ದಿಷ್ಟ ದಿನದ ನಿರ್ದಿಷ್ಟ ಗಂಟೆಯ ವೋಲ್ಟೇಜಿನ ಬಗ್ಗೆ ಅಭಿಪ್ರಾಯ ನೀಡಲಾಗದು.’ ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹದಿನೇಳು ಎಂಬ ಅಂಕಿಯನ್ನು ಆ ಕಾಗದದಲ್ಲಿ ಎಲ್ಲೂ ಹಾಕಲಿಲ್ಲ. ಆರು ವಾರದ ಮೇಲೆ ಪರೀಕ್ಷಕರು ಕೈ ಕುಲುಕಿ ‘ಡಾಕ್ಟರ್ ಪ್ರದ್ಯುಮ್ನ’ ಅಂದರು. ಅಮ್ಮ ಅವತ್ತು ಪಾಯಸ ಮಾಡಲಿಲ್ಲ.

ಸಣ್ಣಕ್ಕನದು ಅಜಾಗರೂಕತೆ ಎಂದು ತೀರ್ಮಾನವಾಯಿತು. ಚಿಕ್ಕಯ್ಯನವರಿಗೆ ಎರಡು ಇನ್‌ಕ್ರಿಮೆಂಟ್ ನಿಲ್ಲಿಸಿದರು. ಕಾರಣ ಕೇಳಿ: ಲಾಗ್ ಶೀಟಿನಲ್ಲಿ ಸುಳ್ಳು ಅಂಕಿ ಬರೆದದ್ದಾಗಿ ಸ್ವತಃ ಒಪ್ಪಿಕೊಂಡಿದ್ದಾರೆ. ನಾಲ್ಕು ತಾಲ್ಲೂಕಿನಲ್ಲಿ ಹುಟ್ಟಿದಾಗಿನಿಂದ ಹನ್ನೊಂದು ಬರೆದವರೆಲ್ಲ ಹಾರ ಹಾಕಿಸಿಕೊಂಡು ನಿವೃತ್ತರಾದರು. ಸುಳ್ಳು ಬರೆದ ತಪ್ಪಿಗೆ ಶಿಕ್ಷೆಯಾದದ್ದು ಇವರೊಬ್ಬರಿಗೇ. ಅವತ್ತಿನ ಆ ಎರಡು ಸಾಲಿನ ಹೊತ್ತಿಗೆ ವೋಲ್ಟೇಜು ಎಷ್ಟಿತ್ತು ಎಂಬುದನ್ನು ಮಾತ್ರ ಯಾರೂ ತಿದ್ದಲಿಲ್ಲ; ಅದು ಇಂದಿಗೂ ದಾಖಲೆಯಲ್ಲಿ ಹನ್ನೊಂದೇ. ಸತ್ಯಕ್ಕೆ ಸಾವಿಲ್ಲ, ಸುಳ್ಳಿಗೆ ಸುಖವಿಲ್ಲ ಎಂದು ಗಾದೆ ಕಟ್ಟಿದ ಪುಣ್ಯಾತ್ಮ ಎಲ್ಲಿದ್ದಾನೋ ಸಿಕ್ಕರೆ ಕೇಳಬೇಕು.

೨೦೦೬ರಲ್ಲಿ ಸ್ಟೇಷನ್ನುಗಳಿಗೆಲ್ಲ ಹೊಸ ಮೀಟರು ಬಂದವು. ಯಾರೂ ಬರೆಯಬೇಕಾಗಿಲ್ಲ, ಕಾಲು ಗಂಟೆಗೊಮ್ಮೆ ತಾವೇ ದಾಖಲಿಸಿಕೊಳ್ಳುತ್ತವೆ. ಪರಿಶೀಲನೆಗೆ ಎಂದು ಆ ದಾಖಲೆಗಳ ಕಟ್ಟು ನನ್ನ ಮೇಜಿಗೇ ಬಂತು, ನಾನು ತಜ್ಞನಲ್ಲವೇ. ಬಿದರಕಟ್ಟೆಯ ಹಾಳೆ ತೆಗೆದೆ. ಫೆಬ್ರವರಿ, ಮಧ್ಯಾಹ್ನ: ಒಂಬತ್ತು ಪಾಯಿಂಟ್ ಎರಡು. ಒಂಬತ್ತು. ಎಂಟು ಪಾಯಿಂಟ್ ಒಂಬತ್ತು. ಖಾನೆಯಲ್ಲಿದ್ದ ಚಿಕ್ಕಯ್ಯನವರ ನೋಟ್‌ಬುಕ್ಕು ತೆಗೆದು ಪಕ್ಕಕ್ಕಿಟ್ಟೆ. ಹತ್ತು ವರ್ಷದ ಅಂತರದಲ್ಲಿ ಎರಡೂ ಒಂದೇ ಕೈಯಲ್ಲಿ ಬರೆದ ಹಾಗಿದ್ದವು. ಆ ವರ್ಷವೇ ಬಿದರಕಟ್ಟೆಗೆ ಕೆಪಾಸಿಟರ್ ಮಂಜೂರಾಯಿತು. ಮಿಲ್ಲು ಮುಚ್ಚಿ ಐದು ವರ್ಷವಾಗಿತ್ತು.

ಆ ಕಾಗದದ ಕಟ್ಟು, ನೋಟ್‌ಬುಕ್ಕು ಎರಡನ್ನೂ ಹಿಡಿದುಕೊಂಡು ಕಟ್ಟಾಯದ ಹತ್ತಿರದ ಅವರ ಮನೆಗೆ ಹೋದೆ. ಚಿಕ್ಕಯ್ಯ ನಿವೃತ್ತರಾಗಿದ್ದರು. ಮಿಲ್ಲು ಮುಚ್ಚಿದ ಮೇಲೆ ತಂಗಿಯನ್ನೂ ಅಲ್ಲಿಗೇ ಕರೆತಂದಿದ್ದರು. ದಾರಿಯುದ್ದಕ್ಕೂ ಏನು ಹೇಳಬೇಕು ಎಂದು ಬಾಯಿಪಾಠ ಮಾಡಿದ್ದೆ. ಹೋಗಿ ಕುಳಿತವನು ನೋಟ್‌ಬುಕ್ಕಿನ ಜೊತೆಗೆ ಹಾಳೆಗಳನ್ನು ಮುಂದಿಟ್ಟೆ.

ಅವರು ಕನ್ನಡಕ ಏರಿಸಿ, ಬೆರಳಿಟ್ಟುಕೊಂಡು ಸಾಲು ಸಾಲಾಗಿ ಓದಿದರು. ಅದೇ ದಾರ ಕಟ್ಟಿದ ಕನ್ನಡಕ. ಓದಿ ಮುಗಿಸಿ ಮಡಿಸಿ ವಾಪಸು ಕೊಟ್ಟರು.

“ಇದ್ನ ನಾನು ಆಗ್ಲೇ ಬರ್ದಿದ್ನಲ್ಲ ಸಾ” ಅಂದರು. ಸಿಟ್ಟಿಲ್ಲ, ಸಂತೋಷವೂ ಇಲ್ಲ.

“ತಪ್ಪಾಯಿತು ಚಿಕ್ಕಯ್ಯನವರೇ” ಅಂದೆ. ಆರು ವರ್ಷ ತಡವಾಗಿ, ಯಾವ ಅಧಿಕಾರಿಯೂ ಇಲ್ಲದ ಕಡೆ, ಯಾವ ಕಾಗದದ ಮೇಲೂ ಬರೆಯದೆ ಹೇಳಿದ ಮಾತು ಅದು. ಅವರು ನೋಟ್‌ಬುಕ್ಕನ್ನು ಮಾತ್ರ ತೆಗೆದು ಪಕ್ಕಕ್ಕಿಟ್ಟುಕೊಂಡರು.

ಅಷ್ಟರಲ್ಲಿ ಸಣ್ಣಕ್ಕ ಒಳಗಿನಿಂದ ಕಾಫಿ ತಂದರು. ಬಲಗೈಯನ್ನು ಸೆರಗಿನೊಳಗೆ ಅಡಗಿಸಿಕೊಂಡು, ಎಡಗೈಯಲ್ಲಿ ಲೋಟ ಹಿಡಿದಿದ್ದರು. ನಾನು ಯಾರು ಎಂದು ಆಕೆಗೆ ಗೊತ್ತಿರಲಿಲ್ಲ. ಅಣ್ಣ ಯಾವತ್ತೂ ಹೇಳಿರಲಿಲ್ಲ. ನಮ್ಮಲ್ಲಿ ಮನೆಗೆ ಬಂದವರಿಗೆ ಎಡಗೈಯಲ್ಲಿ ಏನನ್ನೂ ಕೊಡುವುದಿಲ್ಲ, ಅದು ಅವಮಾನ. ಲೋಟ ಚಾಚಿದ ಆಕೆಯ ಮುಖ ಸಣ್ಣದಾಯಿತು.

“ಎಡಗೈನಾಗೆ ಕೊಡ್ತಿವ್ನಿ ಸಾಮಿ, ತಪ್ಪು ತಿಳ್ಕಬ್ಯಾಡಿ” ಅಂದರು.

“ಅವರ್ ತಾವ ಯಾಕವ್ವ ತಪ್ಪು ಕೇಳೀಯೆ? ಮಡುಗ್ಬುಟ್ಟು ಒಳಿಕ್ಕೋಗು” ಎಂದು ಚಿಕ್ಕಯ್ಯ ಗದರಿದರು.

ಅಷ್ಟು ವರ್ಷದಲ್ಲಿ ನನ್ನ ಬಗ್ಗೆ ಅವರು ಆಡಿದ ಬಿರುಸು ಮಾತು ಅದೊಂದೇ. ಅದನ್ನೂ ನನಗೆ ಹೇಳಲಿಲ್ಲ, ಏನೂ ತಿಳಿಯದ ತಂಗಿಗೆ ಹೇಳಿದರು. ಸಣ್ಣಕ್ಕ ಲೋಟವನ್ನು ನನ್ನ ಮುಂದೆ ನೆಲದ ಮೇಲಿಟ್ಟು ಒಳಗೆ ಹೋದರು. ನಾನು ಅದನ್ನು ಎತ್ತಿಕೊಂಡು, ಬಿಸಿ ಇದ್ದ ಹಾಗೇ ಕುಡಿದು ಮುಗಿಸಿ, ಬರುತ್ತೇನೆ ಎಂದು ಎದ್ದೆ. ಬಂದವರನ್ನು ಬಾಗಿಲವರೆಗೆ ಬಂದು ಕಳಿಸಿಕೊಡುವುದು ನಮ್ಮ ಕಡೆಯ ರೂಢಿ. ಅವತ್ತು ಅವರು ಏಳಲಿಲ್ಲ.